ಸಬ್‌ವೂಫರ್ ಸತ್ತಿದೆಯೇ? ಫ್ಯೂಸ್‌ಗಿಂತ ಮೊದಲು ಬಲ್ಬ್ ಹಾಕಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಆಂಪ್ಲಿಫೈಯರ್ ಒಳಗೇ ಇರುವ ಸಬ್‌ವೂಫರ್‌ಗಳದ್ದು. ಪೆಟ್ಟಿಗೆಯ ಬೆನ್ನಿಗೆ ಸ್ಕ್ರೂ ಹಾಕಿ ಕೂರಿಸಿದ ಲೋಹದ ತಟ್ಟೆ ಇರುತ್ತದಲ್ಲ, ಇಡೀ ಆಂಪ್ಲಿಫೈಯರ್ ಅದರ ಒಳಮೈಗೆ ಅಂಟಿಕೊಂಡಿರುತ್ತದೆ. ಗಾಳಿ ಆಡದ ಪೆಟ್ಟಿಗೆ, ಪಕ್ಕದಲ್ಲೇ ಗುದ್ದುವ ವೂಫರ್. ಬಿಸಿ ಮತ್ತು ಅದುರಾಟ, ಇವುಗಳ ಬಹುಪಾಲು ಕಾಯಿಲೆಗೆ ಈ ಎರಡೇ ಮೂಲ.

ಬಿಚ್ಚುವ ಮೊದಲು ಒಂದು ಮಾತು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕಿತ್ತಿಡಿ. ತಟ್ಟೆ ಬಿಚ್ಚಿದ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. 100 ಓಮ್, 5 ವ್ಯಾಟ್‌ನ ರೆಸಿಸ್ಟರ್‌ಗೆ ಎರಡು ತಂತಿ ಬೆಸೆದು, ತುದಿ ಬಿಟ್ಟು ಉಳಿದದ್ದಕ್ಕೆಲ್ಲ ಇನ್ಸುಲೇಷನ್ ಸುತ್ತಿ, ಕೆಪಾಸಿಟರ್‌ನ ಎರಡು ಕಾಲಿಗೆ ಹತ್ತು ಸೆಕೆಂಡ್ ಹಿಡಿಯಿರಿ. ಆಮೇಲೆ ಮೀಟರ್‌ನಲ್ಲಿ ನೋಡಿ, 2 ವೋಲ್ಟ್‌ಗಿಂತ ಕೆಳಗೆ ಬಂದ ಮೇಲೆಯೇ ಕೈ ಹಾಕಿ. ಸ್ಕ್ರೂಡ್ರೈವರ್‌ನಿಂದ ಚಟ್ ಎಂದು ಶಾರ್ಟ್ ಮಾಡುವ ಅಭ್ಯಾಸ ಬೇಡ. ಅದರಿಂದ ಬೋರ್ಡಿನ ತಾಮ್ರದ ಗೆರೆ ಹಾರಿಹೋಗುತ್ತದೆ, ಕಿಡಿ ಕಣ್ಣಿಗೂ ಸಿಡಿಯಬಹುದು. ಈ 100 ಓಮ್‌ನ ಉಪಾಯ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್‌ಗೆ ಮಾತ್ರ; ಎಸ್‌ಎಂಪಿಎಸ್, ಅಂದರೆ ದೊಡ್ಡ ಟ್ರಾನ್ಸ್‌ಫಾರ್ಮರ್ ಬದಲು ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡಿ ವೋಲ್ಟ್ ಇಳಿಸುವ ಸಪ್ಲೈ, ಇರುವುದರ ಮಾತು ಕೆಳಗೆ ಬರುತ್ತದೆ.

ಪ್ರಶ್ನೆ: ಸಬ್‌ವೂಫರ್ ಹಾಡುತ್ತಿದ್ದಾಗಲೇ ನಿಂತುಹೋಯಿತು. ಲೈಟೂ ಇಲ್ಲ. ಫ್ಯೂಸ್ ಹೋಗಿತ್ತು, ಹೊಸದು ಹಾಕಿದೆ, ಸ್ವಿಚ್ ಒತ್ತಿದ ತಕ್ಷಣ ಅದೂ ಹೋಯಿತು. ಇನ್ನೂ ದೊಡ್ಡ ಫ್ಯೂಸ್ ಹಾಕಿ ನೋಡಬಹುದೇ?

ಉತ್ತರ: ಖಂಡಿತ ಬೇಡ. ಫ್ಯೂಸ್ ತನ್ನ ಕೆಲಸ ಮಾಡಿದೆ. ದೊಡ್ಡದು ಹಾಕಿದರೆ ಅದರ ಬದಲು ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಹೋದ ಫ್ಯೂಸನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಗಾಜು ತಿಳಿಯಾಗಿದ್ದು ತಂತಿ ಮಾತ್ರ ನಡುವೆ ತುಂಡಾಗಿದ್ದರೆ ಸಣ್ಣ ಓವರ್‌ಲೋಡ್, ಇಲ್ಲವೇ ಫ್ಯೂಸಿಗೇ ವಯಸ್ಸಾಗಿದೆ. ಗಾಜಿನ ಒಳಗೆ ಕಪ್ಪು ಮಸಿಯೋ ಬೆಳ್ಳಿಯಂಥ ಲೇಪವೋ ಬಳಿದುಕೊಂಡಿದ್ದರೆ ಒಳಗೆ ನೇರ ಶಾರ್ಟ್ ಇದೆ. ನಿಮ್ಮದು ಎರಡನೆಯದೇ ಇರಬೇಕು.

ಇನ್ನು ಮುಂದೆ ಫ್ಯೂಸ್ ಸುಡದೆ ಪರೀಕ್ಷಿಸಲು ಸೀರೀಸ್ ಬೋರ್ಡ್ ಮಾಡಿಕೊಳ್ಳಿ: ಮೇನ್ಸ್‌ನ ಫೇಸ್ ತಂತಿಯ ದಾರಿಯಲ್ಲಿ ಒಂದು ಹೋಲ್ಡರ್, ಅದರಲ್ಲಿ 60ರಿಂದ 100 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬ್, ಅದರ ಆಚೆಗೆ ಆಂಪ್ಲಿಫೈಯರ್‌ನ ಸಾಕೆಟ್. ಎಲ್‌ಇಡಿ ಬಲ್ಬ್ ಇಲ್ಲಿ ನಡೆಯುವುದಿಲ್ಲ. ಸರಿಯಾದ ಆಂಪ್ಲಿಫೈಯರ್ ಆದರೆ ಬಲ್ಬ್ ಒಮ್ಮೆ ಮಿಂಚಿ, ಕೆಪಾಸಿಟರ್ ತುಂಬುತ್ತಿದ್ದಂತೆ ಕೆಂಪಾಗಿ ಮಂಕಾಗುತ್ತದೆ. ಶಾರ್ಟ್ ಇದ್ದರೆ ಪೂರ್ತಿ ಉರಿಯುತ್ತಲೇ ಇರುತ್ತದೆ, ಬೇರೇನೂ ಸುಡುವುದಿಲ್ಲ.

ಸ್ಪೀಕರ್ ತಂತಿ ಕಳಚಿಟ್ಟು ಶುರುಮಾಡಿ. ಪ್ಲಗ್ ತೆಗೆದು, ಟ್ರಾನ್ಸ್‌ಫಾರ್ಮರ್‌ನಿಂದ ಬೋರ್ಡಿಗೆ ಬರುವ ಸೆಕೆಂಡರಿ ಕನೆಕ್ಟರ್ ಕಿತ್ತು, ಮತ್ತೆ ಆನ್ ಮಾಡಿ. ಈಗಲೂ ಬಲ್ಬ್ ಪೂರ್ತಿ ಉರಿದರೆ ಟ್ರಾನ್ಸ್‌ಫಾರ್ಮರ್ ಒಳಗೇ ಶಾರ್ಟ್ ಆಗಿರಬೇಕು, ಇಲ್ಲವೇ ಅದಕ್ಕೂ ಮೊದಲಿನ ವೈರಿಂಗ್‌ನಲ್ಲಿ. ಮಂಕಾದರೆ ಟ್ರಾನ್ಸ್‌ಫಾರ್ಮರ್ ಬದುಕಿದೆ, ತೊಂದರೆ ಬೋರ್ಡಿನಲ್ಲಿ.

ಬೋರ್ಡಿನಲ್ಲಿ ಮೊದಲು ಬ್ರಿಡ್ಜ್ ರೆಕ್ಟಿಫೈಯರ್, ಅಂದರೆ ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್‌ಗಳ ಕೂಟ. ಮೀಟರ್ ಡಯೋಡ್ ಗುರುತಿನಲ್ಲಿರಲಿ. ಎರಡು ಎಸಿ ಕಾಲುಗಳಲ್ಲಿ ಒಂದೊಂದರಿಂದಲೂ ಪ್ಲಸ್ ಮತ್ತು ಮೈನಸ್ ಕಾಲುಗಳಿಗೆ ಅಳೆಯಿರಿ. ಒಂದು ದಿಕ್ಕಿನಲ್ಲಿ 0.45ರಿಂದ 0.7, ಪ್ರೋಬ್ ತಿರುಗಿಸಿದರೆ ಓಪನ್ ಬರಬೇಕು. ಎರಡೂ ದಿಕ್ಕಿನಲ್ಲಿ ಸೊನ್ನೆಯ ಹತ್ತಿರ ಬಂದರೆ ಬ್ರಿಡ್ಜ್ ಬಿಚ್ಚಿ ಹೊರಗೆ ಮತ್ತೊಮ್ಮೆ ಅಳೆಯಿರಿ.

ಬ್ರಿಡ್ಜ್ ಸರಿ ಇದ್ದರೆ ಹೀಟ್‌ಸಿಂಕ್‌ಗೆ ಕಚ್ಚಿರುವ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಸರದಿ. ಕಲೆಕ್ಟರ್‌ಗೂ ಎಮಿಟರ್‌ಗೂ ನಡುವೆ ಬೀಪ್ ಬಂದು ನಿಲ್ಲದಿದ್ದರೆ ಅದು ಹೋಗಿದೆ. ಕ್ಷಣಮಾತ್ರ ಬೀಪ್ ಆಗಿ ನಿಂತರೆ ಅದು ಕೆಪಾಸಿಟರ್ ತುಂಬಿದ ಸದ್ದು, ಮೋಸಹೋಗಬೇಡಿ. ಒಂದು ಟ್ರಾನ್ಸಿಸ್ಟರ್ ಹೋದಲ್ಲಿ ಅದರ ಜೋಡಿಯನ್ನೂ ಬದಲಿಸಿ. ಅವನ್ನು ನಡೆಸುವ ಹಿಂದಿನ ಡ್ರೈವರ್ ಟ್ರಾನ್ಸಿಸ್ಟರ್, ಬೇಸ್‌ನ ಸಣ್ಣ ರೆಸಿಸ್ಟರ್‌ಗಳು, 0.22 ಅಥವಾ 0.33 ಓಮ್‌ನ ಎಮಿಟರ್ ರೆಸಿಸ್ಟರ್‌ಗಳನ್ನೂ ಅಳೆಯದೆ ಬಿಡಬೇಡಿ. ಬಹಳ ಜನ ಇಲ್ಲೇ ಎಡವುವುದು: ಹೊಸ ಟ್ರಾನ್ಸಿಸ್ಟರ್ ಹಾಕುತ್ತಾರೆ, ಹಿಂದಿನ ಸುಟ್ಟ ಡ್ರೈವರ್ ಅದನ್ನೂ ಅರೆಕ್ಷಣದಲ್ಲಿ ಕೊಲ್ಲುತ್ತದೆ. 2ಎಸ್‌ಸಿ5200, 2ಎಸ್‌ಎ1943 ಜೋಡಿಗೆ ನಕಲಿಗಳು ವಿಪರೀತ. ಕಂಪನಿಯ ಅಧಿಕೃತ ವಿತರಕರಿಂದಲೇ ತನ್ನಿ.

ಕೂರಿಸುವಾಗ ಹಳೆಯ ಪೇಸ್ಟ್ ಪೂರ್ತಿ ಒರೆಸಿ, ಮೈಕಾ ಹಾಳೆಯ ಎರಡೂ ಬದಿಗೆ ಹೊಸ ಪೇಸ್ಟನ್ನು ತೆಳ್ಳಗೆ ಸವರಿ. ಸಿಲಿಕೋನ್ ಪ್ಯಾಡ್ ಆದರೆ ಪೇಸ್ಟ್ ಬೇಡ. ಸ್ಕ್ರೂ ಬಿಗಿದ ಮೇಲೆ ಟ್ರಾನ್ಸಿಸ್ಟರ್‌ನ ಲೋಹದ ಬೆನ್ನಿಗೂ ಹೀಟ್‌ಸಿಂಕ್‌ಗೂ ನಡುವೆ ಬೀಪ್ ಬರಬಾರದು. ಹೀಟ್‌ಸಿಂಕ್‌ಗೆ ಅಂಟಿಸಿದ ಸಣ್ಣ ಟ್ರಾನ್ಸಿಸ್ಟರ್ ಒಂದಿರುತ್ತದೆ, ಬಿಸಿ ನೋಡಿಕೊಂಡು ಬಯಾಸ್ (ಹಾಡು ಇಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯುವ ಸಣ್ಣ ಕರೆಂಟ್) ಇಳಿಸುವುದು ಅದರ ಕೆಲಸ. ಅದನ್ನು ಗಾಳಿಯಲ್ಲಿ ನೇತಾಡಿಸಿ ಬಿಟ್ಟರೆ ಬಯಾಸ್ ಏರುತ್ತಾ ಹೋಗಿ ಹೊಸ ಜೋಡಿಯೂ ಬೂದಿ.

ಮತ್ತೆ ಸೀರೀಸ್ ಬೋರ್ಡ್‌ನಲ್ಲೇ, ಸ್ಪೀಕರ್ ಇಲ್ಲದೆ ಆನ್ ಮಾಡಿ. ಸ್ಪೀಕರ್‌ನ ಎರಡು ಟರ್ಮಿನಲ್ ನಡುವೆ ಡಿಸಿ ಅಳೆಯಿರಿ: 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ, ಹಲವು ವೋಲ್ಟ್ ಬಂದರೆ ಸ್ಪೀಕರ್ ಜೋಡಿಸಲೇಬೇಡಿ. ಬಯಾಸ್ ಪ್ರಿಸೆಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ಇದ್ದರೆ, ಬಲ್ಬ್ ತೆಗೆದು ನೇರ ಮೇನ್ಸ್‌ನಲ್ಲಿ, ಎಮಿಟರ್ ರೆಸಿಸ್ಟರ್‌ನ ಎರಡು ತುದಿಗೆ ಮೀಟರ್ ಹಿಡಿದು ಹೊಂದಿಸಿ. 0.22 ಓಮ್‌ನಲ್ಲಿ 10 ಮಿಲಿವೋಲ್ಟ್ ಎಂದರೆ ಸುಮಾರು 45 ಮಿಲಿಆಂಪ್. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಹತ್ತು ನಿಮಿಷ ಬಿಸಿಯಾಗಲು ಬಿಟ್ಟು ಮತ್ತೆ ನೋಡಿ.

ಕೊನೆಗೆ, ಟ್ರಾನ್ಸಿಸ್ಟರ್ ಸಾಯಲು ಕಾರಣ ಸ್ಪೀಕರೇ ಇರಬಹುದು. 4 ಓಮ್‌ನ ವೂಫರ್ ಮೀಟರ್‌ನಲ್ಲಿ 3ರಿಂದ 3.6 ಓಮ್, 8 ಓಮ್‌ನದು 6ರ ಆಸುಪಾಸು ತೋರಿಸಬೇಕು. 1 ಓಮ್ ಬಂದರೆ ಕಾಯಿಲ್ ಸುಟ್ಟು ಒಂದಕ್ಕೊಂದು ಅಂಟಿಕೊಂಡಿದೆ. ಕೋನ್‌ನ ಎರಡು ಬದಿಗೆ ಬೆರಳಿಟ್ಟು ಸಮವಾಗಿ ಒತ್ತಿ. ಮರಳು ಉಜ್ಜಿದಂತೆ ಕರಕರ ಎಂದರೆ ಕಾಯಿಲ್ ಗ್ಯಾಪ್‌ಗೆ ತಾಗುತ್ತಿದೆ. ಅಂಥ ಸ್ಪೀಕರ್‌ಗೆ ರಿಪೇರಿಯಾದ ಆಂಪ್ಲಿಫೈಯರ್ ಕೊಟ್ಟರೆ ನಿಮ್ಮ ಶ್ರಮವೆಲ್ಲ ನೀರುಪಾಲು.

ಪ್ರಶ್ನೆ: ನಮ್ಮ ಹತ್ತು ವರ್ಷದ ಸಬ್‌ವೂಫರ್‌ನಲ್ಲಿ ಕೆಂಪು ಲೈಟ್ ಹಸಿರಾಗುತ್ತದೆ, ಆದರೆ ಕೆಲವು ದಿನ ಸದ್ದೇ ಇಲ್ಲ. ಕೆಲವು ದಿನ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಪಟ್ ಪಟ್ ಎನ್ನುತ್ತದೆ. ಫ್ಯೂಸ್ ಸರಿ ಇದೆ.

ಉತ್ತರ: ಬಿಸಿಯಾದ ಮೇಲೆ ಶುರುವಾಗುವ ಪಟಪಟ ಸದ್ದಿಗೆ ಇಬ್ಬರು ಹಳೆಯ ಆರೋಪಿಗಳು. ಇಬ್ಬರೂ ಬೋರ್ಡಿನ ಒಂದೇ ಮೂಲೆಯಲ್ಲಿ ಸಿಗುತ್ತಾರೆ.

ಮೊದಲನೆಯದು ಅಂಟು. ದೊಡ್ಡ ಭಾಗಗಳು ಅದುರಬಾರದೆಂದು ಕಾರ್ಖಾನೆಯಲ್ಲಿ ಕೆನೆಬಣ್ಣದ ಗಮ್ ಸುರಿದಿರುತ್ತಾರೆ. ವರ್ಷಗಟ್ಟಲೆ ಬಿಸಿ ತಿಂದು ಅದು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಾಗಿ, ಉಗುರಿಗೆ ಪುಡಿಪುಡಿಯಾಗುವಷ್ಟು ಗಡುಸಾಗುತ್ತದೆ. ಆ ಹಂತದಲ್ಲಿ ಅದು ಅಂಟಲ್ಲ, ಕರೆಂಟ್ ಹರಿಸುವ ರೆಸಿಸ್ಟರ್. ಕೆಳಗೆ ಸಿಕ್ಕ ಡಯೋಡ್, ಜಂಪರ್‌ಗಳ ಕಾಲನ್ನೂ ತಿಂದುಹಾಕಿರುತ್ತದೆ. ಹಸಿರು ಕಿಲುಬು ಕಂಡರೆ ಅನುಮಾನವೇ ಬೇಡ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಐದು ನಿಮಿಷ ಬಿಟ್ಟು, ಬಿದಿರಿನ ಕಡ್ಡಿಯಿಂದ ಕೆರೆದು, ಬ್ರಷ್‌ನಿಂದ ತೊಳೆಯಿರಿ. ಲೋಹದ ಚಾಕು ಬೇಡ, ಗೆರೆ ಕಡಿಯುತ್ತದೆ. ಕಾಲು ಸವೆದ ಭಾಗಗಳನ್ನು ಬದಲಿಸಿ. ಹೊಸದಾಗಿ ಅಂಟಿಸಲು ನ್ಯೂಟ್ರಲ್ ಸಿಲಿಕೋನ್ ಇರಲಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ತಾಮ್ರವನ್ನು ಕೊರೆಯುತ್ತದೆ.

ಎರಡನೆಯದು 15 ವೋಲ್ಟ್ ಸಪ್ಲೈ. ಫಿಲ್ಟರ್, ವಾಲ್ಯೂಮ್, ಆಟೊ ಆನ್ ಎಲ್ಲವೂ ಸಣ್ಣ ಸಿಗ್ನಲ್ ನೋಡಿಕೊಳ್ಳುವ ಆಪ್‌ಆಂಪ್ ಐಸಿಗಳ ಮೇಲೆ ನಡೆಯುತ್ತವೆ, ಅವುಗಳಿಗೆ ಪ್ಲಸ್ 15, ಮೈನಸ್ 15 ವೋಲ್ಟ್ ಬೇಕು. ಅನೇಕ ಬೋರ್ಡ್‌ಗಳಲ್ಲಿ ಮುಖ್ಯ ಸಪ್ಲೈಯನ್ನೇ ಒಂದು ದಪ್ಪ ರೆಸಿಸ್ಟರ್ ಮೂಲಕ ಇಳಿಸಿ, 1ಎನ್4744ರಂಥ 15 ವೋಲ್ಟ್‌ನ ಜೀನರ್ ಡಯೋಡ್‌ನಿಂದ ಅಷ್ಟಕ್ಕೇ ಹಿಡಿದಿಡುತ್ತಾರೆ. ಲೆಕ್ಕ ನೋಡಿ: 45 ವೋಲ್ಟ್‌ನಿಂದ 15ಕ್ಕೆ ಇಳಿಯಲು 30 ವೋಲ್ಟ್ ಬೀಳಬೇಕು, ರೆಸಿಸ್ಟರ್ 1 ಕಿಲೊ ಓಮ್ ಆದರೆ 30 ಮಿಲಿಆಂಪ್, ಅಂದರೆ 0.9 ವ್ಯಾಟ್ ಬಿಸಿ ಹಗಲೂ ರಾತ್ರಿ ಅದೇ ಜಾಗದಲ್ಲಿ. ಅದರ ಕೆಳಗೆ ಬೋರ್ಡ್ ಕಂದಿರುತ್ತದೆ, ಬೆಸುಗೆ ಬಿರುಕು ಬಿಟ್ಟಿರುತ್ತದೆ, ಪಕ್ಕದ 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಣಗಿರುತ್ತದೆ.

ಅಳೆಯುವುದು ಸುಲಭ. ಕಪ್ಪು ಪ್ರೋಬ್ ಇನ್‌ಪುಟ್ ಜಾಕ್‌ನ ಹೊರ ಉಂಗುರಕ್ಕೆ. ಟಿಎಲ್072, 4558, 5532ರಂಥ ಎಂಟು ಕಾಲಿನ ಐಸಿ ಆದರೆ 8ನೇ ಕಾಲಿನಲ್ಲಿ ಪ್ಲಸ್ 15, 4ನೇ ಕಾಲಿನಲ್ಲಿ ಮೈನಸ್ 15. ಟಿಎಲ್074 ಆದರೆ 4 ಮತ್ತು 11. ಅರ್ಧ ವೋಲ್ಟ್ ಆಚೀಚೆ ತೊಂದರೆಯಿಲ್ಲ. ಒಂದು ಬದಿ ಸೊನ್ನೆಯಾಗಿದ್ದರೆ ರೆಸಿಸ್ಟರ್ ಓಪನ್ ಅಥವಾ ಜೀನರ್ ಶಾರ್ಟ್. 15 ಇದ್ದದ್ದು ಬಿಸಿಯಾಗುತ್ತಾ 9, 10ಕ್ಕೆ ಕುಸಿದರೆ ಬೆಸುಗೆ ಅಥವಾ ಅಂಟು. ಎರಡೂ ಬದಿಯ ರೆಸಿಸ್ಟರ್, ಜೀನರ್, ಕೆಪಾಸಿಟರ್‌ಗಳನ್ನು ಒಟ್ಟಿಗೆ ಬದಲಿಸಿಬಿಡಿ. ರೆಸಿಸ್ಟರ್‌ನ ಓಮ್ ಅದೇ ಇರಲಿ, ವ್ಯಾಟ್ ಒಂದು ಮೆಟ್ಟಿಲು ಹೆಚ್ಚಿರಲಿ, ಬೋರ್ಡಿನಿಂದ 5 ಮಿಲಿಮೀಟರ್ ಎತ್ತರಕ್ಕೆ ನಿಲ್ಲಿಸಿ ಬೆಸೆಯಿರಿ.

ಪ್ರಶ್ನೆ: ಸದಾ ಗುಂಯ್ ಎನ್ನುತ್ತಿರುತ್ತದೆ. ಕೆಪಾಸಿಟರ್ ಹೋಗಿದೆ ಎನ್ನುತ್ತಾರೆ ಒಬ್ಬರು, ಅರ್ಥಿಂಗ್ ಸರಿಯಿಲ್ಲ ಎನ್ನುತ್ತಾರೆ ಇನ್ನೊಬ್ಬರು. ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ ಬೇಡ, ಪಿನ್ನನ್ನು ನಂಬಿ. ಹಳೆಯ ಆರ್‌ಸಿಎ ಪಿನ್ ಒಂದರಲ್ಲಿ ನಡುಕಡ್ಡಿ ಮತ್ತು ಹೊರ ಉಂಗುರವನ್ನು ಬೆಸೆದು ಒಂದು ಮಾಡಿ. ಸಬ್‌ವೂಫರ್‌ಗೆ ಬರುವ ಎಲ್ಲ ಕೇಬಲ್ ಕಳಚಿ ಈ ಪಿನ್ ಚುಚ್ಚಿ. ಬರೀ ಕೇಬಲ್‌ನ ಇನ್ನೊಂದು ತುದಿ ಕಿತ್ತು ನೋಡಿದರೆ ಉಪಯೋಗವಿಲ್ಲ, ನೇತಾಡುವ ಕೇಬಲ್ ಆಂಟೆನಾ ಆಗಿ ಇನ್ನೂ ಜೋರಾಗಿ ಗುಂಯ್‌ಗುಡುತ್ತದೆ.

ಪಿನ್ ಹಾಕಿದಾಗ ಸದ್ದು ನಿಂತರೆ ಆಂಪ್ಲಿಫೈಯರ್ ಬಿಚ್ಚುವುದೇ ಬೇಡ. ಕೇಬಲ್ ಬದಲಿಸಿ ನೋಡಿ. ಶೀಲ್ಡ್ ತುಂಡಾದ ಕೇಬಲ್ ಅಲುಗಿಸಿದರೆ ಸದ್ದು ಬದಲಾಗುತ್ತದೆ. ಆಮೇಲೆ ಟಿವಿಗೋ ಸೆಟ್‌ಟಾಪ್ ಪೆಟ್ಟಿಗೆಗೋ ಹೊರಗಿನಿಂದ ಬರುವ ಆಂಟೆನಾ ಕೇಬಲ್ ಕಿತ್ತು ನೋಡಿ. ಆಗ ನಿಂತರೆ ಗ್ರೌಂಡ್ ಲೂಪ್, ಅಂದರೆ ಸಾಧನಗಳು ಎರಡು ಬೇರೆ ದಾರಿಯಲ್ಲಿ ಅರ್ಥ್‌ಗೆ ಸೇರಿ ಆ ಸುತ್ತಿನಲ್ಲಿ ಕರೆಂಟ್ ಹರಿಯುವುದು. ಎಲ್ಲ ಸಾಧನಗಳಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ನಿಂದ ಕರೆಂಟ್ ಕೊಡಿ. ಸಾಲದಿದ್ದರೆ ಆಂಟೆನಾ ಕೇಬಲ್‌ಗೆ ಐಸೊಲೇಟರ್ ಹಾಕಿ. ಆಡಿಯೊ ಕೇಬಲ್‌ಗೇ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕುವುದಾದರೆ 20 ಹರ್ಟ್ಸ್‌ವರೆಗೂ ಇಳಿಯುವಂಥದ್ದೇ ಬೇಕು, ಇಲ್ಲವಾದರೆ ಗುಂಯ್ ಜೊತೆ ಬೇಸೂ ಹೋಗುತ್ತದೆ. ಪ್ಲಗ್‌ನ ಅರ್ಥ್ ಪಿನ್ ಮುರಿದರೆ ಸದ್ದು ನಿಲ್ಲುತ್ತದೆ ಎಂಬ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ. ಒಳಗೆ ಇನ್ಸುಲೇಷನ್ ಹೋದ ದಿನ ಆ ಲೋಹದ ತಟ್ಟೆಗೆ ನೇರ ಮೇನ್ಸ್ ಬರುತ್ತದೆ.

ಪಿನ್ ಹಾಕಿಯೂ, ವಾಲ್ಯೂಮ್ ಸೊನ್ನೆ ಮಾಡಿಯೂ ಗುಂಯ್ ಹಾಗೇ ಇದ್ದರೆ ಕಾಯಿಲೆ ಒಳಗಿನದು. ಮೀಟರ್ ಎಸಿ ವೋಲ್ಟ್‌ಗೆ ತಿರುಗಿಸಿ, ಕೆಂಪು ಪ್ರೋಬ್‌ಗೆ ಸರಣಿಯಲ್ಲಿ 0.1 ಮೈಕ್ರೊಫ್ಯಾರಡ್, 100 ವೋಲ್ಟ್‌ನ ಫಿಲ್ಮ್ ಕೆಪಾಸಿಟರ್ ಸೇರಿಸಿ, ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳ ಮೇಲೆ ಅಳೆಯಿರಿ. ಈ ಸಣ್ಣ ಕೆಪಾಸಿಟರ್ ಇಲ್ಲದಿದ್ದರೆ ಕೆಲವು ಅಗ್ಗದ ಮೀಟರ್‌ಗಳು ಡಿಸಿಯನ್ನೇ ಎಸಿ ಎಂದು ತೋರಿಸುತ್ತವೆ. ಹಾಡು ಇಲ್ಲದಾಗ ಅರ್ಧ ವೋಲ್ಟ್‌ಗಿಂತ ತೀರಾ ಕಡಿಮೆ ಬರಬೇಕು. 1 ವೋಲ್ಟ್ ದಾಟಿದರೆ ಕೆಪಾಸಿಟರ್ ಒಣಗಿದೆ, ಇಲ್ಲವೇ ಅದರ ಕಾಲಿನ ಬೆಸುಗೆ ಬಿಟ್ಟಿದೆ.

ಪ್ರಶ್ನೆ: 4700 ಮೈಕ್ರೊಫ್ಯಾರಡ್, 50 ವೋಲ್ಟ್‌ನ ಎರಡು ಕೆಪಾಸಿಟರ್‌ಗಳಲ್ಲಿ ಒಂದರ ನೆತ್ತಿ ಉಬ್ಬಿದೆ. ನನ್ನಲ್ಲಿ 6800, 63 ವೋಲ್ಟ್‌ನದಿದೆ. ಹಾಕಲೇ?

ಉತ್ತರ: ಹಾಕಬಹುದು, ಆದರೆ ಎರಡನ್ನೂ ಬದಲಿಸಿ. ಉಬ್ಬದೇ ಇರುವುದು ಸರಿಯಾಗಿದೆ ಎಂದು ಅರ್ಥವಲ್ಲ, ಅದೂ ಅಷ್ಟೇ ಬಿಸಿ ಕಂಡಿದೆ. ವೋಲ್ಟ್ ಸಮ ಅಥವಾ ಹೆಚ್ಚಿರಬೇಕು, ಎಂದೂ ಕಡಿಮೆಯಲ್ಲ. 6800ರವರೆಗೆ ಸರಿ; ಎರಡು ಮೂರು ಪಟ್ಟು ಏರಿಸಿದರೆ ಆನ್ ಮಾಡುವಾಗಿನ ಹೊಡೆತ ಬ್ರಿಡ್ಜ್ ಮತ್ತು ಫ್ಯೂಸ್ ಮೇಲೆ ಬೀಳುತ್ತದೆ. ಎತ್ತರ, ದಪ್ಪ, ಕಾಲುಗಳ ಅಂತರವನ್ನು ಸ್ಕೇಲ್ ಹಿಡಿದು ನೋಡಿ. ಸ್ನ್ಯಾಪ್ ಇನ್ ಮಾದರಿಯಲ್ಲಿ ಸಾಮಾನ್ಯವಾಗಿ 10 ಮಿಲಿಮೀಟರ್. ಮೈಮೇಲಿನ ಪಟ್ಟೆ ಇರುವ ಕಾಲು ಮೈನಸ್. ತಿರುಗಿಸಿ ಹಾಕಿದರೆ ಸಿಡಿಯುತ್ತದೆ.

105 ಡಿಗ್ರಿಯದನ್ನೇ ಹಾಕಿ. ಬಿಸಿ 10 ಡಿಗ್ರಿ ಇಳಿದರೆ ಕೆಪಾಸಿಟರ್‌ನ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಲ್ಲರೂ ಬಳಸುವ ಲೆಕ್ಕ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವುದು 65 ಡಿಗ್ರಿಯಲ್ಲಿ 32000 ಗಂಟೆ ಬಾಳೀತು. ದೊಡ್ಡದೆನಿಸಿದರೂ ಹಗಲೂ ರಾತ್ರಿ ಪ್ಲಗ್‌ನಲ್ಲೇ ಇರುವ ಪೆಟ್ಟಿಗೆಗೆ ಅದು ನಾಲ್ಕು ವರ್ಷವೂ ಅಲ್ಲ. ರಾತ್ರಿ ಮೇನ್ ಸ್ವಿಚ್ ಆರಿಸಿ ಮಲಗಿ. ಸಿಗ್ನಲ್ ದಾರಿಯಲ್ಲಿ ಪಟ್ಟೆಯೇ ಇಲ್ಲದ ಬೈಪೋಲಾರ್ ಕೆಪಾಸಿಟರ್ ಕಂಡರೆ ಅದರ ಜಾಗಕ್ಕೆ ಬೈಪೋಲಾರೇ ಬೇಕು.

ಪ್ರಶ್ನೆ: ರಾತ್ರಿ ಕಡಿಮೆ ಸದ್ದಿನಲ್ಲಿ ಕೇಳುವಾಗ ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತದೆ. ಏನು ಹಾಳಾಗಿದೆ?

ಉತ್ತರ: ಬಹುಶಃ ಏನೂ ಇಲ್ಲ. ಆಟೊ ಆನ್ ಸರ್ಕ್ಯೂಟ್‌ಗೆ ಸಿಗ್ನಲ್ ಸಾಲುತ್ತಿಲ್ಲ, 15-20 ನಿಮಿಷ ಕಾದು ಮಲಗುತ್ತದೆ. ರಿಸೀವರ್‌ನಲ್ಲಿ ಸಬ್‌ವೂಫರ್ ಲೆವೆಲ್ ಏರಿಸಿ, ಅಷ್ಟೇ ಪ್ರಮಾಣದಲ್ಲಿ ಸಬ್‌ವೂಫರ್‌ನ ಗೇನ್ ಇಳಿಸಿ. ಇಲ್ಲವಾದರೆ ಸ್ವಿಚ್ಚನ್ನು ಆಟೊದಿಂದ ಆನ್‌ಗೆ ತಳ್ಳಿ.

ಪ್ರಶ್ನೆ: ಟ್ರಾನ್ಸ್‌ಫಾರ್ಮರ್ ಇಲ್ಲದ ಹೊಸ ಮಾದರಿ. ಟಿಕ್ ಟಿಕ್ ಎನ್ನುತ್ತದೆ, ಲೈಟ್ ಮಿಣುಕುತ್ತದೆ, ಅಷ್ಟೇ.

ಉತ್ತರ: ಅದು ಎಸ್‌ಎಂಪಿಎಸ್. ಪ್ರತಿ ಟಿಕ್ಕಿಗೂ ಅದು ಶುರುವಾಗಲು ಯತ್ನಿಸಿ ಸೋಲುತ್ತಿದೆ. ಇದರ ಪ್ರೈಮರಿ ಬದಿಯ, ಅಂದರೆ ಮೇನ್ಸ್ ಬರುವ ಬದಿಯ, ದೊಡ್ಡ ಕೆಪಾಸಿಟರ್‌ನಲ್ಲಿ, 230 ವೋಲ್ಟ್ ಮೇನ್ಸ್ ಆದರೆ, ಸುಮಾರು 325 ವೋಲ್ಟ್ ಡಿಸಿ ನಿಂತಿರುತ್ತದೆ. ಜೀವ ತೆಗೆಯಲು ಅದು ಧಾರಾಳ ಸಾಕು. ಮೇನ್ಸ್ ಕೆಲಸದ ಅನುಭವ ಇಲ್ಲದವರು ಇದನ್ನು ತಿಳಿದವರ ಕೈಗೆ ಕೊಡುವುದೇ ಸರಿ.

ಅನುಭವ ಇದ್ದವರಿಗೆ: ಪ್ಲಗ್ ಕಿತ್ತು, ಆ ಕೆಪಾಸಿಟರ್ ಅನ್ನು 2.2 ಕಿಲೊ ಓಮ್, 5 ವ್ಯಾಟ್‌ನ ರೆಸಿಸ್ಟರ್‌ನಿಂದ ಇಳಿಸಿ, ಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳಿ. ಮೊದಲು ಸೆಕೆಂಡರಿ ಬದಿಯ ಡಯೋಡ್‌ಗಳು ಮತ್ತು ಆಂಪ್ಲಿಫೈಯರ್ ಐಸಿಯ ಸಪ್ಲೈ ಕಾಲುಗಳಲ್ಲಿ ಶಾರ್ಟ್ ಇದೆಯೇ ನೋಡಿ. ಲೋಡ್ ಶಾರ್ಟ್ ಆದರೂ ಇದೇ ಟಿಕ್ ಟಿಕ್. ಅಲ್ಲಿ ಸರಿ ಇದ್ದರೆ ಕಂಟ್ರೋಲರ್ ಐಸಿಯ ಪಕ್ಕದ ಪುಟ್ಟ ಕೆಪಾಸಿಟರ್, ಸಾಮಾನ್ಯವಾಗಿ 22 ಅಥವಾ 47 ಮೈಕ್ರೊಫ್ಯಾರಡ್, 50 ವೋಲ್ಟ್, ಬದಲಿಸಿ. ಬಿಸಿ ಹೀಟ್‌ಸಿಂಕ್‌ಗೆ ಅಂಟಿಕೊಂಡೇ ಇರುವುದರಿಂದ ಮೊದಲು ಒಣಗುವುದು ಅದೇ, ನೋಡಲು ಮಾತ್ರ ಹೊಸದರಂತೆ ಇರುತ್ತದೆ. ಸೀರೀಸ್ ಬಲ್ಬ್ ಇಲ್ಲಿ 100 ವ್ಯಾಟ್‌ಗಿಂತ ಕಡಿಮೆ ಬೇಡ, ಸಣ್ಣ ಬಲ್ಬ್ ಹಾಕಿದರೆ ಸರಿಯಾದ ಎಸ್‌ಎಂಪಿಎಸ್ ಕೂಡ ಟಿಕ್ ಟಿಕ್ ಎನ್ನುತ್ತದೆ.

ಪ್ರಶ್ನೆ: ಜೋರು ಬೇಸ್ ಬಂದಾಗ ಮಾತ್ರ ಸದ್ದು ಕಡಿದುಹೋಗುತ್ತದೆ, ಪೆಟ್ಟಿಗೆಗೆ ಒಂದು ಏಟು ಕೊಟ್ಟರೆ ಮತ್ತೆ ಬರುತ್ತದೆ.

ಉತ್ತರ: ಡ್ರೈ ಸೋಲ್ಡರ್, ಅಂದರೆ ಬಿರುಕು ಬಿಟ್ಟ ಬೆಸುಗೆ. ಏಟು ಕೊಡುವುದನ್ನು ನಿಲ್ಲಿಸಿ, ಬೋರ್ಡಿನ ಬೆಸುಗೆ ಬದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಟಾರ್ಚ್ ಬೆಳಕು ಓರೆಯಾಗಿ ಬೀಳಲಿ. ಆರೋಗ್ಯವಾದ ಬೆಸುಗೆ ಪುಟ್ಟ ಗುಡ್ಡದಂತೆ ಪಿನ್ ಮೇಲೆ ಏರಿ ಹೊಳೆಯುತ್ತದೆ. ಬಿಟ್ಟದ್ದರಲ್ಲಿ ಪಿನ್ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ ಕಾಣುತ್ತದೆ. ರಿಲೇ, ಇನ್‌ಪುಟ್ ಜಾಕ್, ದಪ್ಪ ರೆಸಿಸ್ಟರ್, ಕನೆಕ್ಟರ್, ಹೀಟ್‌ಸಿಂಕ್‌ಗೆ ಕಚ್ಚಿದ ಐಸಿಯ ಕಾಲುಗಳು, ಇವೇ ಹೆಚ್ಚು ಬಿಡುವ ಜಾಗ. ಹಳೆಯ ಬೆಸುಗೆಗೆ ಬರೀ ಕಾವು ಕೊಟ್ಟರೆ ವಾರದಲ್ಲಿ ಮತ್ತೆ ಬಿಡುತ್ತದೆ. ಪಂಪ್‌ನಿಂದ ಹೀರಿ ತೆಗೆದು, ಫ್ಲಕ್ಸ್ ಹಚ್ಚಿ, 350 ಡಿಗ್ರಿಯಲ್ಲಿ ಹೊಸ ಸೀಸ ತುಂಬಿ. ಸ್ಪೀಕರ್ ತಂತಿಯ ಚುಚ್ಚು ಟರ್ಮಿನಲ್‌ಗಳು ಸಡಿಲವಾಗಿದ್ದರೆ ಇಕ್ಕಳದಿಂದ ಮೆಲ್ಲಗೆ ಅದುಮಿ ಬಿಗಿ ಮಾಡಿ.

ಪ್ರಶ್ನೆ: ರಿಪೇರಿ ಯಶಸ್ವಿ, ಆದರೆ ಈಗ ಬೇಸ್ ಜೊತೆ ಬುಸ್ ಬುಸ್ ಎಂಬ ಉಸಿರಿನ ಸದ್ದು ಬರುತ್ತಿದೆ. ಮೊದಲು ಇರಲಿಲ್ಲ.

ಉತ್ತರ: ಆಂಪ್ಲಿಫೈಯರ್ ಸರಿ ಇದೆ, ಗಾಳಿ ಸೋರುತ್ತಿದೆ. ತಟ್ಟೆಯ ಅಂಚಿಗಿದ್ದ ಫೋಮ್ ಪಟ್ಟಿ ಬಿಚ್ಚುವಾಗ ಹರಿದಿರುತ್ತದೆ. ಹಳೆಯದನ್ನು ಕೆರೆದು, ಬಾಗಿಲ ಸಂದಿಗೆ ಅಂಟಿಸುವಂಥ 3 ಮಿಲಿಮೀಟರ್ ದಪ್ಪದ ಫೋಮ್ ಟೇಪ್ ಸುತ್ತಲೂ ಅಂಟಿಸಿ, ಮೂಲೆಯಲ್ಲಿ ಸಂದು ಬಿಡಬೇಡಿ. ಸ್ಕ್ರೂಗಳನ್ನು ಒಂದರ ನಂತರ ಅದರ ಎದುರಿನದು ಎಂಬಂತೆ ಬಿಗಿಯಿರಿ. ಮರದ ಪುಡಿ ಹಲಗೆಯಲ್ಲಿ ತೂತು ಸಡಿಲವಾಗಿದ್ದರೆ ಹಲ್ಲುಕಡ್ಡಿಯ ಚೂರಿಗೆ ಮರದ ಅಂಟು ಸವರಿ ತುರುಕಿ, ಒಣಗಿದ ಮೇಲೆ ಸ್ಕ್ರೂ ಹಾಕಿ. ಹಾಡು ಹಾಕಿಕೊಂಡು ಒದ್ದೆ ಬೆರಳನ್ನು ತಟ್ಟೆಯ ಅಂಚಿನುದ್ದಕ್ಕೂ ಒಯ್ಯಿರಿ, ಎಲ್ಲಿ ತಣ್ಣಗೆ ಊದಿದಂತಾಗುತ್ತದೋ ಅಲ್ಲಿ ಇನ್ನೂ ಸೋರುತ್ತಿದೆ.